ಕ್ರೂಸ್ ಹಡಗಿನಿಂದ ಇಳಿದು ಕಾಡಿಗೆ: ಕೋಸ್ಟಾರಿಕಾದ ಲಿಮೋನ್‌ನಲ್ಲಿ ಖಾಸಗಿ ಗೈಡ್ ಜೊತೆ ಒಂದು ಹಗಲು

ಫ್ಲಾರಿಡಾದಿಂದ ಪನಾಮ ಕಾಲುವೆಯ ಕಡೆಗೆ ಹೊರಡುವ ಕ್ರೂಸ್ ಹಡಗುಗಳು ದಾರಿಯಲ್ಲಿ ಸಾಮಾನ್ಯವಾಗಿ ಕೊಲಂಬಿಯಾದ ಕಾರ್ತಹೇನಾ, ಪನಾಮದ ಕೊಲೋನ್ ಮತ್ತು ಕೋಸ್ಟಾರಿಕಾದ ಲಿಮೋನ್ ಬಂದರುಗಳಲ್ಲಿ ಒಂದೊಂದು ಹಗಲು ನಿಲ್ಲುತ್ತವೆ. ಕಾಡು, ಪ್ರಾಣಿ, ಪಕ್ಷಿ ಎಂದರೆ ಜೀವ ಬಿಡುವವರು ಕಾಯಬೇಕಾದದ್ದು ಲಿಮೋನ್‌ಗೆ. ಬಂದರಿನಿಂದ ಒಂದು ತಾಸಿನ ದಾರಿಯಲ್ಲಿ ಮಳೆಕಾಡು ನೇರ ಸಮುದ್ರಕ್ಕೆ ಇಳಿಯುತ್ತದೆ; ಅಲ್ಲಿ ಮರದ ಕೊಂಬೆಗೆ ನೇತಾಡುತ್ತಾ ಬಲು ನಿಧಾನವಾಗಿ ಚಲಿಸುವ ಸ್ಲಾತ್ ಎಂಬ ಪ್ರಾಣಿ, ಮೂರು ಬಗೆಯ ಮಂಗ, ಟೂಕನ್ ಹಕ್ಕಿ, ಅರಿಶಿನ ಬಣ್ಣದ ಹಾವು ಎಲ್ಲವೂ ಇವೆ. ಇವೆ ಎಂದ ಮಾತ್ರಕ್ಕೆ ಕಾಣುತ್ತವೆ ಎಂದಲ್ಲ. ನಲವತ್ತು ಜನರ ಬಸ್ಸಿನಲ್ಲಿ ಹೋದವರಿಗೆ ಹೆಚ್ಚಾಗಿ ಕಾಣುವುದು ಮುಂದಿನವರ ಬೆನ್ನು.

ಆದ್ದರಿಂದಲೇ ಖಾಸಗಿ ಗೈಡ್. ಆದರೆ ಖಾಸಗಿ ಪ್ರವಾಸ ಎಂದೊಡನೆ ನಮ್ಮವರು ಮಾಡುವ ಮೊದಲ ಕೆಲಸ ಪಟ್ಟಿ ಉದ್ದ ಮಾಡುವುದು: ಊರ ಪಕ್ಕದ ಕಾಲುವೆಯಲ್ಲಿ ದೋಣಿ ಸುತ್ತಾಟ, ಸ್ಲಾತ್ ಕೇಂದ್ರ, ಬಾಳೆತೋಟ, ಬೀಚು, ಸಾಧ್ಯವಾದರೆ ಜಲಪಾತ. ಲಿಮೋನ್‌ನಲ್ಲಿ ಇಂಥ ‘ಒಂದರಲ್ಲಿ ನಾಲ್ಕು’ ಪ್ಯಾಕೇಜುಗಳು ಧಾರಾಳವಾಗಿ ಮಾರಾಟಕ್ಕಿವೆ. ಹಾಗೆ ಹೋದರೆ ಅರ್ಧ ದಿನ ವ್ಯಾನಿನ ಕಿಟಕಿಯಲ್ಲೇ ಕಳೆಯುತ್ತದೆ. ನನ್ನ ಸಲಹೆ ಒಂದೇ: ಒಂದು ಜಾಗ ಆರಿಸಿ, ಅಲ್ಲೇ ನಿಲ್ಲಿ. ಬೇಕಾದಷ್ಟು ಹೊತ್ತು ಒಂದು ಮರದ ಕೆಳಗೆ ನಿಲ್ಲುವ ಸ್ವಾತಂತ್ರ್ಯಕ್ಕಾಗಿಯೇ ನೀವು ಹೆಚ್ಚಿನ ಹಣ ಕೊಡುತ್ತಿರುವುದು.

ಮೊದಲ ಹಂತ: ಗಂಟೆಯ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ

ಗೈಡನ್ನು ಹುಡುಕುವ ಮೊದಲೇ ಈ ಲೆಕ್ಕ ಮುಗಿದಿರಬೇಕು. ಹಡಗಿನ ವೇಳಾಪಟ್ಟಿಯಲ್ಲಿ ಎರಡು ಸಮಯಗಳಿರುತ್ತವೆ: ಹಡಗು ಹೊರಡುವ ಸಮಯ, ಎಲ್ಲರೂ ಹಡಗಿನೊಳಗೆ ಇರಬೇಕಾದ ಸಮಯ. ಎರಡನೆಯದು ಸಾಮಾನ್ಯವಾಗಿ ಅರ್ಧ ತಾಸು ಮುಂಚೆ, ಕೆಲವು ಕಂಪನಿಗಳಲ್ಲಿ ಇನ್ನೂ ಮುಂಚೆ. ನಿಮಗೆ ಬೇಕಾದದ್ದು ಅದೇ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಗೊತ್ತುಮಾಡಿಕೊಂಡ ಪ್ರವಾಸಕ್ಕೆ ಕಾಯುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲದವರು ಹಡಗಿನ ಪ್ರವಾಸವನ್ನೇ ಕೊಳ್ಳುವುದು ಒಳ್ಳೆಯದು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನೊಂದು ತೊಡಕು ಹಡಗಿನ ಗಡಿಯಾರ. ಕೋಸ್ಟಾರಿಕಾ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಚಳಿಗಾಲದಲ್ಲಿ ಫ್ಲಾರಿಡಾ, ವರ್ಷವಿಡೀ ಪನಾಮ ಮತ್ತು ಕೊಲಂಬಿಯಾ ಅದಕ್ಕಿಂತ ಒಂದು ತಾಸು ಮುಂದಿರುತ್ತವೆ. ಕೆಲವು ಹಡಗುಗಳು ಲಿಮೋನ್‌ಗೆ ಬಂದಾಗ ಗಡಿಯಾರ ಬದಲಿಸುತ್ತವೆ, ಕೆಲವು ಫ್ಲಾರಿಡಾದ ಸಮಯದಲ್ಲೇ ಮುಂದುವರಿಯುತ್ತವೆ. ನಿಮ್ಮ ಮೊಬೈಲ್ ಮಾತ್ರ ದಡದ ಸಿಗ್ನಲ್ ಸಿಕ್ಕೊಡನೆ ಯಾರನ್ನೂ ಕೇಳದೆ ಸ್ಥಳೀಯ ಸಮಯಕ್ಕೆ ತಿರುಗಿಬಿಡುತ್ತದೆ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಹಾಳೆಯಲ್ಲಿ ಯಾವ ಸಮಯ ಎಂದು ನೋಡಿಕೊಳ್ಳಿ. ಹಡಗಿನ ಸಮಯಕ್ಕೆ ಹೊಂದಿಸಿದ ಒಂದು ಕೈಗಡಿಯಾರವನ್ನು ಕಟ್ಟಿಕೊಳ್ಳಿ.

ಉದಾಹರಣೆಗೆ, ಹಡಗಿನ ಸಮಯ 8ಕ್ಕೆ ಬಂದರು ತಲುಪಿ, 4:30ಕ್ಕೆ ಎಲ್ಲರೂ ಒಳಗಿರಬೇಕು ಎನ್ನೋಣ. ಹಡಗು ಗಡಿಯಾರ ಬದಲಿಸಿಲ್ಲ. ಆಗ ಸ್ಥಳೀಯವಾಗಿ ನಿಮ್ಮ ಗಡುವು 3:30. ಒಂದೂವರೆ ತಾಸು ಮುಂಚೆ, ಅಂದರೆ 2ಕ್ಕೆ ಬಂದರಿನಲ್ಲಿರಬೇಕು. ದಾರಿ ಒಂದು ತಾಸು, ಹಾಗಾಗಿ 1ಕ್ಕೆ ಕಾಡಿನ ಊರಿನಿಂದ ವ್ಯಾನು ಹೊರಡಬೇಕು. ಬೆಳಿಗ್ಗೆ ಸ್ಥಳೀಯ ಸಮಯ 7:30ಕ್ಕೆ ಗೈಡ್ ಸಿಕ್ಕರೆ 8:30ಕ್ಕೆ ಕಾಡಿನ ಬಾಗಿಲು. ಊಟಕ್ಕೆ ಮುಕ್ಕಾಲು ತಾಸು ತೆಗೆದರೆ ಕಾಡಿಗೆ ಸಿಗುವುದು ಮೂರೂಮುಕ್ಕಾಲು ತಾಸು. ಮಳೆಕಾಡಿನ ಸೆಕೆಯಲ್ಲಿ ಅಷ್ಟು ಧಾರಾಳವಾಗಿ ಸಾಕು.

ಒಂದೂವರೆ ತಾಸಿನ ಮಿಗಿತ ಅತಿಯಾಯಿತು ಎನ್ನಿಸಬಹುದು. ಲಿಮೋನ್‌ನಿಂದ ದಕ್ಷಿಣಕ್ಕೆ ಇರುವುದು ಒಂದೇ ಮುಖ್ಯರಸ್ತೆ, 36ನೇ ಹೆದ್ದಾರಿ. ಅಪಘಾತವೋ ರಸ್ತೆ ತಡೆಯೋ ಹೊಳೆ ಉಕ್ಕಿದ್ದೋ ಆದರೆ ಸುತ್ತಿ ಬರಲು ಬೇರೆ ದಾರಿ ಇಲ್ಲ.

ಎರಡನೆಯ ಹಂತ: ಜಾಗ ಆರಿಸುವುದು

ನಾನು ಆರಿಸುವುದು ಕಾವೀತಾ ರಾಷ್ಟ್ರೀಯ ಉದ್ಯಾನವನ್ನು. ಲಿಮೋನ್‌ನಿಂದ ಸುಮಾರು 43 ಕಿಲೋಮೀಟರ್ ದಕ್ಷಿಣಕ್ಕಿದೆ. ಒಂದು ಕಡೆ ಬಿಳಿ ಮರಳು, ಇನ್ನೊಂದು ಕಡೆ ಜೌಗು ಕಾಡು, ನಡುವೆ ಸಮತಟ್ಟಾದ ಕಾಲುದಾರಿ. ಏರುವುದು ಇಳಿಯುವುದು ಇಲ್ಲ, ಆದ್ದರಿಂದ ಅರವತ್ತು ದಾಟಿದ ಅಪ್ಪ ಅಮ್ಮನಿಗೂ ಆದೀತು. ಎರಡು ಬಾಗಿಲುಗಳಿವೆ. ಊರಿನೊಳಗೇ ಇರುವ ಕೆಲ್ಲಿ ಕ್ರೀಕ್ ಬಾಗಿಲಿನಲ್ಲಿ ನಿಗದಿತ ಶುಲ್ಕವಿಲ್ಲ. ಊರಿನವರೂ ಸರ್ಕಾರವೂ ಸೇರಿ ನಡೆಸುವ ವ್ಯವಸ್ಥೆ ಅದು, ಹೆಸರು ಬರೆದು ತೋಚಿದಷ್ಟು ದೇಣಿಗೆ ಹಾಕಬೇಕು. ದಯವಿಟ್ಟು ಮರ್ಯಾದೆಗೆ ತಕ್ಕಷ್ಟು ಹಾಕಿ. ದಕ್ಷಿಣದ ಪ್ವೆರ್ತೊ ವರ್ಗಾಸ್ ಬಾಗಿಲಿನಲ್ಲಿ ಟಿಕೆಟ್ ಕೊಳ್ಳಬೇಕು. ಅಲ್ಲಿ ಜೌಗಿನ ಮೇಲೆ ಹಲಗೆಯ ಸೇತುದಾರಿ ಕಟ್ಟಿದ್ದಾರೆ, ಮಂಡಿನೋವಿನವರಿಗೆ ಅದು ಅನುಕೂಲ.

ತೊರ್ತುಗೇರೊ ಕಾಲುವೆಗಳ ದೋಣಿ ಪ್ರವಾಸ ಎರಡನೆಯ ಆಯ್ಕೆ. ಲಿಮೋನ್ ಪಕ್ಕದ ಮೋಯಿನ್‌ನಿಂದ ದೋಣಿ ಹೊರಡುತ್ತದೆ, ನಡಿಗೆ ಇಲ್ಲವೇ ಇಲ್ಲ, ಮೊಸಳೆ ಜಾತಿಯ ಕೇಮನ್, ಬಕ, ಮಿಂಚುಳ್ಳಿ ಚೆನ್ನಾಗಿ ಕಾಣುತ್ತವೆ. ಆದರೆ ಜಾಹೀರಾತಿನ ಹೆಸರನ್ನು ನಂಬಿ ಮೋಸಹೋಗಬೇಡಿ. ಕಡಲಾಮೆಗಳಿಗೆ ಹೆಸರಾದ ತೊರ್ತುಗೇರೊ ರಾಷ್ಟ್ರೀಯ ಉದ್ಯಾನ ಉತ್ತರಕ್ಕೆ ಬಹಳ ದೂರ. ಹಡಗಿನವರಿಗೆ ತೋರಿಸುವುದು ಅದೇ ಕಾಲುವೆ ಸಾಲಿನ ದಕ್ಷಿಣದ ತುದಿಯನ್ನು. ಅದೂ ಚೆನ್ನಾಗಿದೆ, ಆದರೆ ಅದು ಆ ಉದ್ಯಾನವಲ್ಲ.

ಗಾಯಗೊಂಡ, ತಾಯಿ ಕಳೆದುಕೊಂಡ ಸ್ಲಾತ್‌ಗಳನ್ನು ಸಾಕುವ ಕೇಂದ್ರವೂ ಕಾವೀತಾ ದಾರಿಯಲ್ಲೇ ಸಿಗುತ್ತದೆ. ಚಿಕ್ಕ ಮಕ್ಕಳಿದ್ದರೆ ಸೇರಿಸಿಕೊಳ್ಳಬಹುದು, ಕಾಡಿನ ಸಮಯ ಅಷ್ಟರಮಟ್ಟಿಗೆ ಖೋತಾ ಎಂದು ತಿಳಿದುಕೊಂಡು.

ಮೂರನೆಯ ಹಂತ: ಗೈಡನ್ನು ಗೊತ್ತುಮಾಡುವುದು

ಎರಡು ಮೂರು ತಿಂಗಳು ಮುಂಚೆ ಶುರುಮಾಡಿ. ಹಡಗುಗಳ ಕಾಲ ಮುಖ್ಯವಾಗಿ ಅಕ್ಟೋಬರ್‌ನಿಂದ ಏಪ್ರಿಲ್. ಒಂದೇ ದಿನ ಎರಡು ಹಡಗು ಬಂದರೆ ಒಳ್ಳೆಯ ಗೈಡ್‌ಗಳು ಯಾರೂ ಉಳಿದಿರುವುದಿಲ್ಲ. ಬಂದರಿನ ಗೇಟಿನಲ್ಲಿ ಫೋಟೊ ಹಲಗೆ ಹಿಡಿದು ನಿಲ್ಲುವವರಲ್ಲಿ ಪ್ರಾಮಾಣಿಕರು ಇದ್ದಾರೆ. ಆದರೆ ಅವರು ಮಾರುವುದು ಹೆಚ್ಚಾಗಿ ಆ ನಾಲ್ಕು ಜಾಗದ ಓಟವನ್ನು.

ಕೋಸ್ಟಾರಿಕಾದಲ್ಲಿ ಪ್ರವಾಸಿ ಗೈಡ್‌ಗಳಿಗೆ ಅಲ್ಲಿನ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆಯ ಪರವಾನಗಿ ಕಾರ್ಡ್ ಇರುತ್ತದೆ. ಅದಿದೆಯೇ ಎಂದು ಮೊದಲೇ ಕೇಳಿ. ಭಾಷೆಯ ಚಿಂತೆ ಬೇಡ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲುಹಳಿ ಹಾಕಲು ಜಮೈಕಾದಿಂದ ಬಂದವರ ಮೊಮ್ಮಕ್ಕಳು ಮರಿಮಕ್ಕಳು ಈ ಕರಾವಳಿಯಲ್ಲಿ ನೆಲೆಸಿದ್ದಾರೆ. ಮನೆಯಲ್ಲಿ ಅವರಾಡುವುದು ಇಂಗ್ಲಿಷ್ ಮೂಲದ ಕ್ರಿಯೋಲ್. ಸ್ಪ್ಯಾನಿಷ್ ಬಾರದ ನಮಗೆ ಈ ಕಡೆಯ ಗೈಡ್ ಸಿಗುವುದು ದೊಡ್ಡ ಅನುಕೂಲ.

ಬರೆಯುವ ಮೊದಲ ಸಂದೇಶದಲ್ಲೇ ಇಷ್ಟನ್ನು ತಿಳಿಸಿ: ಹಡಗಿನ ಹೆಸರು, ದಿನಾಂಕ, ಬಂದು ಹೋಗುವ ಸಮಯ (ಹಡಗಿನದ್ದೋ ಸ್ಥಳೀಯವೋ ಎಂಬುದು ಸಹಿತ), ಎಷ್ಟು ಜನ, ಅವರ ವಯಸ್ಸು, ಎಷ್ಟು ದೂರ ನಡೆಯಬಲ್ಲರು, ಮಾಂಸ ಮೀನು ಮೊಟ್ಟೆ ಯಾವುದನ್ನು ತಿನ್ನುವುದಿಲ್ಲ. ಆಮೇಲೆ ಕೇಳಬೇಕಾದದ್ದು. ದರ ತಲೆಗೋ ವಾಹನಕ್ಕೋ? ಉದ್ಯಾನದ ಟಿಕೆಟ್, ಊಟ ಅದರಲ್ಲಿ ಸೇರಿದೆಯೋ? ವ್ಯಾನಿನಲ್ಲಿ ಬೇರೆಯವರು ಇರುತ್ತಾರೋ? ‘ಖಾಸಗಿ’ ಎಂದು ಬರೆದು ಮೂರು ಕುಟುಂಬಗಳನ್ನು ತುಂಬುವವರಿದ್ದಾರೆ. ಹವಾಮಾನ ಕೆಟ್ಟು ಹಡಗು ಲಿಮೋನ್‌ಗೆ ಬರದೇ ಹೋದರೆ ಮುಂಗಡ ವಾಪಸ್ ಬರುತ್ತದೆಯೇ? ಕೆರಿಬಿಯನ್‌ನಲ್ಲಿ ಇದು ಆಗುವಂಥದ್ದೇ. ಕ್ರೂಸ್ ಪ್ರಯಾಣಿಕರೊಂದಿಗೆ ಪಳಗಿದ ಗೈಡ್‌ಗಳು ಪ್ರವಾಸ ಮುಗಿದ ಮೇಲೆ ಹಣ ತೆಗೆದುಕೊಳ್ಳಲು ಒಪ್ಪುತ್ತಾರೆ. ಕೊನೆಯದಾಗಿ, ಮುಕ್ಕಾಲಿಯ ಮೇಲೆ ನಿಲ್ಲಿಸುವ ದೂರದರ್ಶಕ ತರುತ್ತೀರಾ ಎಂದು ಕೇಳಿ. ಇದಕ್ಕೆ ‘ಬೇಕಾಗುವುದಿಲ್ಲ, ಹತ್ತಿರದಿಂದಲೇ ತೋರಿಸುತ್ತೇನೆ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

ಯಾಕೆಂದರೆ ‘ಹತ್ತಿರದಿಂದ’ ಎಂಬ ಮಾತಿನ ಹಿಂದೆ ಬಹಳ ಸಲ ಹಗ್ಗ ಕಟ್ಟಿದ ಒಂದು ಸ್ಲಾತ್ ಮರಿ ಇರುತ್ತದೆ. ಕಾಡುಪ್ರಾಣಿಯನ್ನು ಕೈಗೆ ಕೊಟ್ಟು ಫೋಟೊ ತೆಗೆಸುವುದು ಕೋಸ್ಟಾರಿಕಾದಲ್ಲಿ ನಿಷಿದ್ಧ. ಆ ದೇಶ 2012ರಲ್ಲಿ ಮೋಜಿನ ಬೇಟೆಯನ್ನು ನಿಲ್ಲಿಸಿತು, 2021ರಲ್ಲಿ ಸ್ಲಾತ್ ಅನ್ನು ರಾಷ್ಟ್ರೀಯ ಸಂಕೇತವನ್ನಾಗಿ ಮಾಡಿತು. ಪ್ರಾಣಿಯನ್ನು ಮುಟ್ಟಿಸುತ್ತೇನೆ ಎನ್ನುವ ಗೈಡ್ ಬೇಡವೇ ಬೇಡ.

ಕಾಗದಪತ್ರ: ಭಾರತದ ಪಾಸ್‌ಪೋರ್ಟಿನವರಿಗೆ

ಅವಧಿ ಮುಗಿಯದ ಅಮೆರಿಕದ ಬಹುಪ್ರವೇಶ ವೀಸಾ ಇದ್ದರೆ ಭಾರತೀಯರಿಗೆ ಕೋಸ್ಟಾರಿಕಾದ ಪ್ರತ್ಯೇಕ ವೀಸಾ ಬೇಕಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನ ಸಂದರ್ಶಕ ವೀಸಾಕ್ಕೆ ಇದು ಸರಿಹೊಂದುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹಡಗು ಕಂಪನಿಯಿಂದ ಪ್ರತಿ ಬಂದರಿಗೂ ಉತ್ತರವನ್ನು ಬರಹದಲ್ಲಿ ಪಡೆಯಿರಿ. ತೊಂದರೆಗೆ ಸಿಲುಕುವವರು ಹೆಚ್ಚಾಗಿ ಅಮೆರಿಕದಲ್ಲಿ ಕೆಲಸದಲ್ಲಿರುವ ಮಕ್ಕಳೇ: ಎಚ್-1ಬಿ ಸ್ಥಿತಿ ಊರ್ಜಿತವಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಅಮೆರಿಕಕ್ಕೆ ಮರಳುವಾಗ ಕಷ್ಟ. ಕೆನಡಾ, ಮೆಕ್ಸಿಕೊಗಳಿಗೆ ಸಣ್ಣ ಅವಧಿಗೆ ಹೋಗಿಬರಲು ಇರುವ ವಿನಾಯಿತಿ ಮಧ್ಯ ಅಮೆರಿಕದ ದೇಶಗಳಿಗೆ ಇಲ್ಲ.

ಇನ್ನೊಂದು ಹಳದಿ ಜ್ವರದ ಲಸಿಕೆ. ಕೋಸ್ಟಾರಿಕಾದಲ್ಲಿ ಆ ಕಾಯಿಲೆಯ ಭಯವಿಲ್ಲ. ಆದರೆ ಕಾರ್ತಹೇನಾ, ಕೊಲೋನ್ ಇರುವ ಕೊಲಂಬಿಯಾ ಮತ್ತು ಪನಾಮ ಭಾರತ ಸರ್ಕಾರದ ಪಟ್ಟಿಯಲ್ಲಿವೆ. ಆ ದೇಶಗಳನ್ನು ಬಿಟ್ಟು ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸಿಕೊಳ್ಳಬಹುದು. ಹಡಗಿನಿಂದ ಇಳಿದ ಮರುದಿನವೇ ಅಪ್ಪ ಅಮ್ಮನನ್ನು ಬೆಂಗಳೂರಿನ ವಿಮಾನ ಹತ್ತಿಸುವ ಯೋಜನೆಯಿದ್ದರೆ ಒಂದು ವಾರ ಮುಂದೂಡುವುದೇ ಸುಲಭ. ಅರವತ್ತು ದಾಟಿದವರು ವೈದ್ಯರನ್ನು ಕೇಳದೆ ಈ ಲಸಿಕೆ ತೆಗೆದುಕೊಳ್ಳಬಾರದು. ಕೊಲಂಬಿಯಾದಿಂದ ಬರುವವರಿಗೆ ಕೋಸ್ಟಾರಿಕಾ ಏನು ಕೇಳುತ್ತದೆ ಎಂಬುದನ್ನೂ ಹಡಗಿನವರಲ್ಲಿ ವಿಚಾರಿಸಿ.

ಚೀಲದಲ್ಲಿ ಏನಿರಬೇಕು

ಈ ಕರಾವಳಿಯಲ್ಲಿ ಮಳೆಗೆ ಕಾಲವಿಲ್ಲ. ಫೆಬ್ರವರಿ, ಮಾರ್ಚ್ ತಕ್ಕಮಟ್ಟಿಗೆ ಒಣಗಿರುತ್ತವೆ, ನವೆಂಬರ್ ಡಿಸೆಂಬರ್‌ಗಳಲ್ಲಿ ಸುರಿಯುತ್ತದೆ. ಹಗುರವಾದ ರೇನ್‌ಕೋಟು, ತೆಳುವಾದ ಉದ್ದ ಪ್ಯಾಂಟು, ಬೆರಳು ಮುಚ್ಚುವ ಶೂ, ಸೊಳ್ಳೆ ಮುಲಾಮು, ದುರ್ಬೀನು. ಡೆಂಗಿ ಇರುವ ಜಾಗವಾದ್ದರಿಂದ ಮುಲಾಮನ್ನು ಮರೆಯುವಂತಿಲ್ಲ. ನೀರಿಗೆ ಸ್ಟೀಲ್ ಬಾಟಲಿ: ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರವೇಶವಿಲ್ಲ, ಬಾಗಿಲಿನಲ್ಲಿ ಚೀಲ ತೆರೆದು ನೋಡುತ್ತಾರೆ. ಸಿಗರೇಟು, ಮದ್ಯ, ಅನುಮತಿಯಿಲ್ಲದ ಡ್ರೋನ್ ಕೂಡ ಹಾಗೆಯೇ. ಚಿಲ್ಲರೆ ಡಾಲರ್ ನೋಟುಗಳನ್ನು ಇಟ್ಟುಕೊಳ್ಳಿ. ಅಂಚು ಹರಿದ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಪಾಸ್‌ಪೋರ್ಟಿನ ನಕಲು, ಹಡಗಿನ ಕಾರ್ಡು, ದಿನಚರಿ ಹಾಳೆಯಲ್ಲಿ ಅಚ್ಚಾಗಿರುವ ಬಂದರು ಏಜೆಂಟರ (ದಡದಲ್ಲಿ ಹಡಗು ಕಂಪನಿಯ ಪರವಾಗಿ ಕೆಲಸ ಮಾಡುವವರ) ಫೋನ್ ಸಂಖ್ಯೆ, ದಿನನಿತ್ಯದ ಮಾತ್ರೆಗಳು ಎರಡು ದಿನಕ್ಕಾಗುವಷ್ಟು.

ಕಾಡಿನೊಳಗೆ

ಲಿಮೋನ್‌ನಲ್ಲಿ ಹಡಗು ಊರಿನ ಮಗ್ಗುಲಿಗೇ ಬಂದು ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿಯುವ ರಗಳೆ ಇಲ್ಲ. ನಡೆದು ಗೇಟಿನ ಹೊರಗೆ ಬಂದರೆ ಹೆಸರಿನ ಹಲಗೆ ಹಿಡಿದ ಗೈಡ್. ವ್ಯಾನು ಹತ್ತುವ ಮೊದಲು ಮರಳುವ ಸಮಯವನ್ನು ಇಬ್ಬರೂ ಗಡಿಯಾರ ನೋಡಿಕೊಂಡು ಒಮ್ಮೆ ಹೇಳಿಕೊಳ್ಳಿ. ಹೆದ್ದಾರಿಯ ಬದಿಯ ಕಂಟೇನರ್ ಅಂಗಳಗಳು ಬಾಳೆಹಣ್ಣಿನವು. ಅವನ್ನು ನೋಡಿದರೆ ಬಾಳೆತೋಟದ ಪ್ರವಾಸ ಬೇಕಿತ್ತು ಎನ್ನಿಸುವುದಿಲ್ಲ.

ಕೆಲ್ಲಿ ಕ್ರೀಕ್‌ನಿಂದ ಒಳಹೊಕ್ಕ ಮೇಲೆ ಗೈಡ್ ನಡೆಯುವ ವೇಗ ನೋಡಿ. ಒಳ್ಳೆಯವರು ನಡೆಯುವುದಕ್ಕಿಂತ ನಿಲ್ಲುವುದು ಹೆಚ್ಚು. ಸ್ಲಾತ್ ಹುಡುಕುವಾಗ ಅವರು ಪ್ರಾಣಿಯನ್ನು ಹುಡುಕುವುದಿಲ್ಲ, ಮರವನ್ನು ಹುಡುಕುತ್ತಾರೆ. ಸೆಕ್ರೋಪಿಯಾ ಎಂಬ ತೆಳುಗಾತ್ರದ ಮರ, ಬಿಳಿಚಿದ ಕಾಂಡದ ಮೇಲೆ ಬಳೆ ಬಳೆಯಾಗಿ ಗುರುತುಗಳು, ತುದಿಯಲ್ಲಿ ಅಗಲಿಸಿದ ಅಂಗೈಯಂಥ ಎಲೆಗಳು. ಎಲೆ ವಿರಳವಾದ್ದರಿಂದ ಅದರಲ್ಲಿ ಕುಳಿತದ್ದು ಕಾಣುತ್ತದೆ. ಬೀಚಿನ ಅಂಚಿನಲ್ಲಿ ನಮ್ಮೂರಿನ ಬೀದಿಬದಿಯ ಬಾದಾಮಿ ಮರವೂ ಇದೆ. ಅಲ್ಲಿಯೂ ಕವಲುಗಳನ್ನು ನೋಡಿ. ಗೆದ್ದಲು ಗೂಡೋ ಒಣಗಿದ ಗರಿಯೋ ಎನ್ನಿಸುವ ಬೂದು ಗಂಟೊಂದು ಕಂಡರೆ ದುರ್ಬೀನು ಏರಿಸಿ. ಕೂದಲಿಗೆ ಪಾಚಿಯ ಹಸಿರು ಬಣ್ಣ ಹತ್ತಿರುತ್ತದೆ. ಮಳೆ ಬಂದು ನಿಂತು ಬಿಸಿಲು ಬಿದ್ದಾಗ ಅವು ಮೈ ಕಾಯಿಸಲು ಮೇಲಕ್ಕೆ ಏರುತ್ತವೆ, ಹುಡುಕಲು ಅದೇ ಸುಸಮಯ.

ಎರಡು ಜಾತಿಗಳಿವೆ. ಕಣ್ಣಿನ ಪಕ್ಕ ಕಪ್ಪು ಪಟ್ಟಿ, ತುಟಿಯಲ್ಲಿ ನಗುವಿದ್ದಂತೆ ಕಂಡರೆ ಅದು ಮೂರು ಬೆರಳಿನದು. ಹಗಲಿನಲ್ಲೂ ಓಡಾಡುತ್ತದೆ, ಕುತ್ತಿಗೆಯಲ್ಲಿ ಹೆಚ್ಚಿನ ಮೂಳೆಗಳಿರುವುದರಿಂದ ಮೈ ತಿರುಗಿಸದೆ ತಲೆಯನ್ನು ಮುಕ್ಕಾಲು ಸುತ್ತು ತಿರುಗಿಸಬಲ್ಲದು. ಪಟ್ಟಿ ಇಲ್ಲದೆ ಹಂದಿಯಂಥ ಮೂತಿ ಇದ್ದರೆ ಎರಡು ಬೆರಳಿನದು; ಅದು ನಿಶಾಚರಿ, ಹಗಲಿಗೆ ಉಂಡೆಯಾಗಿ ಮಲಗಿರುತ್ತದೆ. ಬೆರಳು ಎಣಿಸುವುದಾದರೆ ಮುಂಗೈ ನೋಡಿ, ಹಿಂಗಾಲಿನಲ್ಲಿ ಎರಡಕ್ಕೂ ಮೂರೇ.

ಗೈಡ್ ದೂರದರ್ಶಕ ಹೊಂದಿಸಿ ಕೊಟ್ಟಾಗ ಎಲ್ಲರೂ ಮಾಡುವುದು ಮೊಬೈಲನ್ನು ಅದರ ಕಣ್ಣಿಗೆ ಒತ್ತುವುದು. ಕಪ್ಪು ವೃತ್ತವಷ್ಟೇ ಸಿಗುತ್ತದೆ. ಹೀಗೆ ಮಾಡಿ. ಎಡಗೈಯ ಹೆಬ್ಬೆರಳು ತೋರುಬೆರಳುಗಳಿಂದ ದೂರದರ್ಶಕದ ಕಣ್ಣಿನ ಸುತ್ತ ಬಳೆ ಮಾಡಿಕೊಂಡು, ಮೊಬೈಲನ್ನು ಆ ಬೆರಳುಗಳ ಮೇಲೆ ಆನಿಸಿ. ಮುಖ್ಯ ಲೆನ್ಸ್ ಮಾತ್ರ ಬಳಸಿ. ಬೆಳಕಿನ ಚುಕ್ಕೆ ಪರದೆಯ ನಡುವೆ ಬರುವವರೆಗೆ ಕೂದಲೆಳೆಯಷ್ಟು ಸರಿಸುತ್ತಾ ಬನ್ನಿ, ಆಮೇಲೆ ಕಪ್ಪು ಅಂಚು ಹೋಗುವವರೆಗೆ ಝೂಮ್ ಮಾಡಿ. ಪ್ರಾಣಿಯ ಮೇಲೆ ಬೆರಳು ತಟ್ಟಿ ಬೆಳಕು ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ಆಕಾಶ ಬೆಳಗಿ ಪ್ರಾಣಿ ಕಪ್ಪಾಗುತ್ತದೆ. ಕೈ ನಡುಗುವವರು ಮೂರು ಸೆಕೆಂಡಿನ ಟೈಮರ್ ಹಾಕಲಿ, ಅಥವಾ ವಿಡಿಯೊ ತೆಗೆಯಲಿ. ಸ್ಲಾತ್ ಓಡಿಹೋಗುವುದಿಲ್ಲ, ಸಾವಕಾಶವಾಗಿ ಮಾಡಬಹುದು.

ಹಾವಿನ ವಿಷಯ. ಕಾವೀತಾದ ಕಾಲುದಾರಿಯ ಪಕ್ಕದ ಗಿಡಗಳಲ್ಲಿ, ಕೆಲವೊಮ್ಮೆ ಮೊಣಕಾಲಿನ ಎತ್ತರದಲ್ಲೇ, ಅಚ್ಚ ಹಳದಿಯ ಸಣ್ಣ ಹಾವು ಸುರುಳಿ ಸುತ್ತಿ ಕುಳಿತಿರುತ್ತದೆ. ಕಣ್ಣಿನ ಮೇಲೆ ರೆಪ್ಪೆಯಂಥ ಮುಳ್ಳು ಹುರುಪೆಗಳು. ನಮ್ಮ ಪಶ್ಚಿಮಘಟ್ಟದ ಗುಳಿಮಂಡಲದ ಸಂಬಂಧಿ, ವಿಷದ್ದು, ಅದರಂತೆಯೇ ಗಂಟೆಗಟ್ಟಲೆ ಅಲುಗದೆ ಕೂರುತ್ತದೆ. ಕೊಡಗು, ಆಗುಂಬೆ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ: ಒಂದೆರಡು ಮೀಟರ್ ದೂರದಲ್ಲಿ ನಿಂತು ನೋಡಿ, ಫೋಟೊಗಾಗಿ ಗಿಡ ಬಗ್ಗಿಸಬೇಡಿ. ಮರಕ್ಕೋ ಕಟಕಟೆಗೋ ನೋಡದೆ ಕೈ ಊರುವುದೂ ಬೇಡ. ಬುಲೆಟ್ ಇರುವೆ ಕಚ್ಚಿದರೆ ಉರಿ ಆ ದಿನಕ್ಕೆ ಇಳಿಯುವುದಿಲ್ಲ.

ಹೌಲರ್ ಮಂಗಗಳ ಗರ್ಜನೆ ಕಿಲೋಮೀಟರುಗಟ್ಟಲೆ ದೂರದಿಂದ ಕೇಳಿಸುತ್ತದೆ. ಅವು ನೆತ್ತಿಯ ಮೇಲೆ ಬಂದಾಗ ಬಾಯಿ ತೆರೆದು ಮೇಲೆ ನೋಡುತ್ತಾ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಮೇಲಿಂದ ಬೀಳುವುದೆಲ್ಲ ಮಳೆಯಲ್ಲ. ಬಿಳಿಮುಖದ ಕಪುಚಿನ್ ಮಂಗ ಮತ್ತು ರಕೂನ್‌ಗಳು ಚೀಲದ ಜಿಪ್ ತೆಗೆಯುವುದರಲ್ಲಿ ನಿಸ್ಸೀಮರು. ತಿಂಡಿ ಹೊರಗೆ ತೆಗೆಯಬೇಡಿ, ಕೊಡುವುದಂತೂ ಕೂಡದು. ಚಹಾದ ಬಣ್ಣದ ನೀರು ಹರಿಯುವ ಪೆರೆಸೊಸೊ ಹೊಳೆಯವರೆಗೆ ಹೋಗಿ ಹಿಂತಿರುಗಿದರೆ ಸಾಕು. ಮುಂದಿನ ಭೂಶಿರದವರೆಗೆ ಹೋಗಲೇಬೇಕೆಂಬ ಹಠ ಸಮಯವನ್ನು ತಿನ್ನುತ್ತದೆ. ದಾರಿಗೆ ಅಡ್ಡಲಾಗಿ ಎಲೆಚೂರು ಹೊತ್ತು ಸಾಗುವ ಇರುವೆಗಳ ಸಾಲು ಸಿಕ್ಕರೆ ಕುಳಿತು ನೋಡಿ. ಅವು ಆ ಎಲೆಯನ್ನು ತಿನ್ನುವುದಿಲ್ಲ, ಗೂಡಿನಲ್ಲಿ ಅದರ ಮೇಲೆ ಬೂಷ್ಟು ಬೆಳೆದು ಅದನ್ನು ತಿನ್ನುತ್ತವೆ.

ಊಟ, ಮರಳುವಿಕೆ

ಕಾವೀತಾದ ಸಣ್ಣ ಖಾನಾವಳಿಗಳಿಗೆ ಅಲ್ಲಿ ‘ಸೋಡಾ’ ಎನ್ನುತ್ತಾರೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಹುರುಳಿಕಾಯಿ ಬೀಜ ಈ ಕರಾವಳಿಯ ಊಟ. ಜೊತೆಗೆ ಜಜ್ಜಿ ಕರಿದ ಹಸಿ ಬಾಳೆಕಾಯಿ. ಸಸ್ಯಾಹಾರಿಗಳಿಗೆ ಇಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ಆದರೆ ‘ಮಾಂಸ ಬೇಡ’ ಎಂದರೆ ಕೋಳಿ, ಮೀನು ಬರಬಹುದು. ಒಂದೊಂದನ್ನೂ ಹೆಸರಿಸಿ ಬೇಡ ಎಂದು ಗೈಡ್ ಮೂಲಕ ಹೇಳಿಸಿ. ಪಾತ್ರೆಯಲ್ಲಿ ಇಡಿಯಾಗಿ ತೇಲುವ ಮೆಣಸಿನಕಾಯಿಯನ್ನು ಒಡೆಯದಿರಿ, ನಮ್ಮ ನಾಲಿಗೆಗೂ ಅದು ಜಾಸ್ತಿ.

ಬಂದರಿಗೆ ಬೇಗ ಬಂದರೆ ಸಮೀಪದ ವರ್ಗಾಸ್ ಪಾರ್ಕಿನ ಮರಗಳನ್ನು ಒಮ್ಮೆ ನೋಡಿ, ಪೇಟೆಯ ನಡುವೆಯೂ ಅಲ್ಲಿ ಸ್ಲಾತ್‌ಗಳು ಕಾಣಸಿಗುತ್ತವೆ. ಮಳೆಯೋ ಅನಾರೋಗ್ಯವೋ ಕಾವೀತಾವನ್ನು ತಪ್ಪಿಸಿದ ದಿನಕ್ಕೂ ಇದು ಆಸರೆ.

ದಾರಿಯಲ್ಲಿ ಏನಾದರೂ ಆಗಿ ತಡವಾಗುವುದು ಖಚಿತ ಎನ್ನಿಸಿದ ಕ್ಷಣವೇ ಬಂದರು ಏಜೆಂಟರಿಗೆ ಫೋನ್ ಮಾಡಿ, ಹಡಗು ಹೋದ ಮೇಲಲ್ಲ. ನೀವು ಬಂದಿಲ್ಲವೆಂದು ತಿಳಿದರೆ ಎಷ್ಟೋ ಹಡಗುಗಳು ಕೋಣೆಯ ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ಏಜೆಂಟರ ಕೈಗೆ ಕೊಟ್ಟು ಹೊರಡುತ್ತವೆ. ಅಲ್ಲಿಂದ ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದು, ವಿಮಾನಕ್ಕಾಗಿ ಬೆಟ್ಟದ ಹೆದ್ದಾರಿ ಹತ್ತಿ ಸಾನ್ ಹೋಸೆಯವರೆಗೆ ಹೋಗಬೇಕು. ಪ್ರವಾಸ ವಿಮೆ ಕೊಳ್ಳುವಾಗ ಹಡಗು ತಪ್ಪಿದರೆ ಪರಿಹಾರ ಉಂಟೇ ಎಂಬ ಸಾಲನ್ನು ಹುಡುಕಿ ಓದಿ.

ಗೈಡ್‌ಗೆ ದರದ ಮೇಲೆ ಶೇಕಡಾ 10ರಿಂದ 15ರಷ್ಟು ಭಕ್ಷೀಸು ಕೊಡುವುದು ರೂಢಿ. ಚಾಲಕ ಬೇರೆಯವರಾದರೆ ಅವರಿಗೆ ಪ್ರತ್ಯೇಕ. ಗೈಡ್ ತಮ್ಮ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ವ್ಯಾನಿನಲ್ಲೇ ವಾಟ್ಸ್‌ಆ್ಯಪ್‌ಗೆ ಹಾಕಿಸಿಕೊಳ್ಳಿ, ಹಡಗಿನ ಇಂಟರ್ನೆಟ್ ದುಬಾರಿ. ದಾರಿಯಲ್ಲಿ ಕೊಂಡ ಹಣ್ಣುಗಳೇನಾದರೂ ಉಳಿದಿದ್ದರೆ ಗೇಟಿಗೆ ಬರುವ ಮೊದಲೇ ತಿಂದು ಮುಗಿಸಿ, ಹಡಗಿನೊಳಗೆ ಬಿಡುವುದಿಲ್ಲ.